ಐದು ಎಸಳು

ಇನ್ನೂ ಕಟ್ಟದ ವೇಗವರ್ಧಕದ ವರ್ತುಲದೊಳಗೆ ಇನ್ನೂ ಹುಟ್ಟದ ಎಲೆಕ್ಟ್ರಾನುಗಳು ಓಡುತ್ತಿದ್ದವು. ತಾಯಿಸಿಯಾಳ ಕಂಪ್ಯೂಟರಿನಲ್ಲಿ ಅವು ನಾಲ್ಕು ಲಕ್ಷ ಸುತ್ತು ಒಂದೇ ಹಾದಿ ಹಿಡಿದು ಬಂದವು. ಆಮೇಲೆ, ಯಾರೂ ಕರೆಯದೆ, ಐದು ಎಸಳಾಗಿ ಬಿಚ್ಚಿಕೊಂಡು, ಒಂದೊಂದಾಗಿ ಕೊಳವೆಯ ಗೋಡೆಗೆ ಬಡಿದು ಇಲ್ಲವಾದವು.

ಸೈಬೀರಿಯದ ಆ ಭೌತವಿಜ್ಞಾನ ಸಂಸ್ಥೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ದುಂಡು ಮೇಜಿನ ಸುತ್ತ ಕಾಫಿಗೆ ಕೂರುವುದು ರೂಢಿ. ಹೇಳಬೇಕಾದ್ದನ್ನು ಅಲ್ಲೇ, ಎಲ್ಲರೆದುರೇ ಹೇಳಬೇಕು. ಇಂದು ತಾಯಿಸಿಯಾ ಎರಡರಲ್ಲೊಂದು ಹೇಳಬೇಕಿತ್ತು: ತನ್ನ ಲೆಕ್ಕ ತಪ್ಪು, ಇಲ್ಲವೇ ವೆನಿಯಮಿನ್ ಲ್ವೋವಿಚ್ ಹನ್ನೊಂದು ವರ್ಷ ಕೂತು ರೂಪಿಸಿದ ವರ್ತುಲವೇ ತಪ್ಪು. ಎರಡನೆಯದಾದರೆ ಕಾರ್ಯಾಗಾರದಲ್ಲಿ ಎಲೆಕ್ಟ್ರಾನುಗಳನ್ನು ಹಾದಿಯಲ್ಲಿ ಹಿಡಿದಿಡುವ ಕಾಂತಗಳ ಕೆಲಸ ಇಂದೇ ನಿಲ್ಲಬೇಕು. ಎಪ್ಪತ್ತೆಂಟರ ಆ ಮುದುಕರಿಗೆ ಇನ್ನೊಂದನ್ನು ರೂಪಿಸುವಷ್ಟು ಕಾಲ ಉಳಿದಿರಲಿಲ್ಲ.

ಕಾಂತಗಳ ಅಳತೆಗಳನ್ನು ಒಂದೊಂದಾಗಿ ಲೆಕ್ಕದಿಂದ ತೆಗೆದು ನೋಡಿದಳು. ಎಸಳು ಬಿಚ್ಚುತ್ತಿದ್ದುದು ಹನ್ನೆರಡು ಕಾಂತಗಳಿಂದ ಮಾತ್ರ. ಹನ್ನೆರಡೂ ಜನವರಿಯಲ್ಲಿ ಅಳೆದಂಥವು. ಕೋಟು ಹಾಕಿಕೊಂಡು ಕಾರ್ಯಾಗಾರಕ್ಕೆ, ಕಾಂತಗಳನ್ನು ಅಳೆಯುವವಳ ಬಳಿಗೆ ಓಡಿದಳು.

“ಕ್ಲಾವ್ದಿಯಾ ಸ್ಟೆಪಾನೊವ್ನಾ, ಜನವರೀಲಿ ಏನಾದ್ರೂ ಬೇರೆ ಥರ ಅಳೆದ್ರಾ?”

“ಮೂವತ್ತು ವರ್ಷದಿಂದ ಅಳೀತಿದೀನಿ ಮಾರಾಯ್ತಿ. ನಿನ್ನ ಕಂಪ್ಯೂಟರ್ ಪೆಟ್ಟಿಗೆ ಹೇಳಿದ್ದೇ ಸರಿ, ನನ್ನ ಕೈ ತಪ್ಪು, ಅಲ್ವಾ?”

“ನಾನು ಹಾಗಂದೆನಾ? ಒಂದ್ಸಲ ಅಳೆದು ತೋರಿಸಿ ಸಾಕು.”

ಗೊಣಗುತ್ತಲೇ ಕ್ಲಾವ್ದಿಯಾ ಗೇಟಿನ ಕಡೆಯಿಂದ ಕಾಂತದೊಳಕ್ಕೆ ಬಲ ಅಳೆಯುವ ಕೋಲು ತೂರಿಸಿದಳು, ಅರ್ಧಕ್ಕೇ ನಿಲ್ಲಿಸಿದಳು.

“ಚಳಿಗಾಲದಲ್ಲಿ ಮಾತ್ರ ಆ ಹೀಟರ್ ಕಡೆಯಿಂದ ತೂರಿಸ್ತೀನಿ.”

“ಯಾಕೆ?”

“ಯಾಕೇನು! ಲಾರಿ ಬಂದಾಗೆಲ್ಲ ಗೇಟು ತೆಗೀತಾರೆ, ಮೈನಸ್ ಮೂವತ್ತೈದರ ಗಾಳಿ ನುಗ್ಗುತ್ತೆ. ಕೋಲೂ ಮುದುರುತ್ತೆ, ನಾನೂ ಮುದುರ್ತೀನಿ. ಹೀಟರ್ ಕಡೆ ನಿಂತ್ರೆ ಇಬ್ರಿಗೂ ಸುಖ. ಕಾಂತಕ್ಕೆ ಹಿಂದೇನು, ಮುಂದೇನು?”

ತಾಯಿಸಿಯಾ ಆಗಲೇ ತನ್ನ ಕಂಪ್ಯೂಟರಿನತ್ತ ಓಡುತ್ತಿದ್ದಳು. ಹಿಂದಿನಿಂದ ನೋಡಿದರೆ ಕಾಂತದ ಎಡಬದಿ ಬಲಬದಿಯಾಗುತ್ತದೆ. ಹೊರಬದಿಯಲ್ಲಿ ತುಸು ಹೆಚ್ಚಿದ್ದ ಕಾಂತಬಲ, ಲೆಕ್ಕದಲ್ಲಿ ಒಳಬದಿಗೆ ಬಂದುಬಿಡುತ್ತದೆ.

ಹನ್ನೆರಡರ ಅಳತೆಗಳನ್ನೂ ತಿರುಗಿಸಿ ಲೆಕ್ಕಕ್ಕೆ ಕೊಟ್ಟಳು. ನಾಲ್ಕು ಲಕ್ಷ ಸುತ್ತು ಕಳೆಯಿತು. ಐದು. ಹತ್ತು. ಎಸಳು ಬಿಚ್ಚಲಿಲ್ಲ, ಬಳೆಯೊಳಗೊಂದು ಬಳೆಯಂತೆ ಹಾದಿಗಳು ನಿಶ್ಚಲವಾಗಿ ಕೂತವು. ಸಾವಿರದಲ್ಲೊಂದು ಪಾಲಿನ ವ್ಯತ್ಯಾಸವನ್ನು ಸುತ್ತುಸುತ್ತಿಗೂ ಮರೆಯದೆ ಕೂಡಿಟ್ಟುಕೊಂಡು, ಹೆಂಗಸೊಬ್ಬಳು ಚಳಿಗೆ ಬೆನ್ನು ತಿರುಗಿಸಿ ನಿಂತದ್ದನ್ನು, ಎಲ್ಲೂ ಇಲ್ಲದ ಎಲೆಕ್ಟ್ರಾನುಗಳು ಕಂಡುಹಿಡಿದಿದ್ದವು.

ದುಂಡು ಮೇಜಿನಲ್ಲಿ ಎಲ್ಲವನ್ನೂ ಹೇಳಿದಳು. ನಗೆಯೆದ್ದಿತು. ವೆನಿಯಮಿನ್ ಲ್ವೋವಿಚ್ ಮಾತ್ರ ನಗಲಿಲ್ಲ.

“ಅಂದ್ರೆ ನನ್ನ ಉಂಗುರ ಬದುಕ್ತು ಅನ್ನು, ತಾಯಿಸಿಯಾ.”

“ಬದುಕ್ತು. ಆದ್ರೆ ಆ ಹನ್ನೆರಡನ್ನ ಹಿಂದುಮುಂದಾಗಿ ಕೂರಿಸಿದ್ರೆ ನಿಜವಾಗ್ಲೂ ಸಾಯುತ್ತೆ.”

ಅವರು ಕಪ್ಪು ಕೆಳಗಿಟ್ಟು, ಎಸಳಿನ ಚಿತ್ರವನ್ನು ಕೇಳಿ ಪಡೆದು, ಬಹಳ ಹೊತ್ತು ನೋಡಿದರು.

“ಸಾಯೋದೂ ಇಷ್ಟು ಚೆಂದವಾಗಿ ಗೊತ್ತೇನೆ ಇದಕ್ಕೆ?” ಎಂದವರೇ ಎದ್ದರು. “ಬಾ, ಬಣ್ಣ ಹುಡುಕು. ಪ್ರತಿ ಕಾಂತದ ಮೇಲೂ ಎಲೆಕ್ಟ್ರಾನು ಓಡೋ ದಿಕ್ಕಿಗೆ ಬಾಣ ಬರೀಬೇಕು.”

ಕಾರ್ಯಾಗಾರದಲ್ಲಿ ಮೊದಲ ಬಾಣವನ್ನು ಅವರೇ ಕೆಂಪಾಗಿ ಎಳೆದರು. ಅದು ತೋರಿದ ಕಡೆ ಇನ್ನೂ ಏನೂ ಇರಲಿಲ್ಲ. ಆದರೂ ಅಲ್ಲಿ ನಿಂತಿದ್ದ ತಾಯಿಸಿಯಾ, ಯಾರಿಗೋ ದಾರಿ ಬಿಡುವವಳಂತೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.