ಅವ್ವ ಹೊಲಿದ ಕಡೆ

ಫ್ಯಾಕ್ಟರಿಯ ಬುದ್ಧಿಯನ್ನು ಫ್ಯಾಕ್ಟರಿಯ ಗೇಟಿನಲ್ಲೇ ಬಿಟ್ಟು ಬರಬೇಕು. ವನಿತಾ ಅದನ್ನು ಮನೆಗೂ ಹೊತ್ತು ತಂದಳು, ಎಡವಟ್ಟಾದದ್ದೇ ಅಲ್ಲಿ.

ಬದನಗುಪ್ಪೆಯ ಗಾರ್ಮೆಂಟ್ಸಿನಲ್ಲಿ ಅವಳಿಗೆ ದಾರ ಕತ್ತರಿಸುವ ಕೆಲಸ. ಅಂಗಿಯಲ್ಲಿ ಒಂದೆಳೆ ಇಣುಕಿದರೆ ಕತ್ತರಿ. ಒಂದೇ ಅಂಗಿಯಲ್ಲಿ ಎರಡು ಥರದ ಹೊಲಿಗೆ ಕಂಡರೆ ಪೂರ್ತಿ ಬಿಚ್ಚಿ ವಾಪಸ್ಸು. ಮನೆಯಲ್ಲಿ ಅವಳ ಅವ್ವ ಪುಟ್ಟಸಿದ್ದಮ್ಮ, ಕಿರಿಮಗಳು ಬೃಂದಾಳಿಗೆ ಹುಟ್ಟಲಿದ್ದ ಚೊಚ್ಚಲ ಕೂಸಿಗೆಂದು ಹಳೇ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಕಣ್ಣಂತೂ ಮೊದಲೇ ಮಂಜು. ಅಜ್ಜಿ ಹೊಲಿದ ಕೌದಿಯ ಮೇಲೆಯೇ ಕೂಸನ್ನು ಮೊದಲು ಮಲಗಿಸುವುದು ಅವರ ಮನೆಯ ರೂಢಿ. ಉಳಿದರ್ಧ ಹೊಲಿಯಲು ವನಿತಾ ಕೈಹೊಲಿಗೆ ಕಲಿತವಳಲ್ಲ; ಅವ್ವ ಕಲಿ ಎಂದಾಗೆಲ್ಲ ಶಿಫ್ಟಿಗೆ ಹೊತ್ತಾಯಿತೆಂದು ಓಡಿದವಳು.

ಗುಂಡ್ಲುಪೇಟೆಯ ಸುಧಾಕರ್ ದೊಡ್ಡ ಮಿಷನ್ನಿನಲ್ಲಿ ರಜಾಯಿ ಹೊಲಿದುಕೊಡುತ್ತಾನೆಂದು ತಿಳಿದು ಫೋನ್ ಮಾಡಿದಳು.

"ಇಸ್ತ್ರಿ ಮಾಡ್ಕಂಡು ಬನ್ನಿ. ಅಡಿಬಟ್ಟೆ ಸುತ್ತ ಒಂದ್ ಗೇಣು ಜಾಸ್ತಿ ಇರ್ಲಿ. ದಾರದ ತುದಿ ನೇತಾಡ್ಬಾರ್ದು, ಮಿಷನ್ಗೆ ಸಿಕ್ಕಾಕತದೆ," ಎಂದ ಅವನು.

ಅವನು ಹೇಳಿದ್ದು ಅಷ್ಟೇ. ಅಡಿಬಟ್ಟೆಗೆ ಊರ ಟೈಲರನಿಂದ ಸುತ್ತಲೂ ಪಟ್ಟಿ ಕೂಡಿಸಿಕೊಂಡ ಮೇಲೆ ವನಿತಾಗೆ ಯೋಚನೆ ಹತ್ತಿತು. ಅರ್ಧ ಕೈಹೊಲಿಗೆ, ಅರ್ಧ ಮಿಷನ್ ಹೊಲಿಗೆಯ ಮಾಲನ್ನು ಯಾರು ತಾನೆ ಮುಟ್ಟುತ್ತಾರೆ? ಇನ್ನೊಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಹೊಲಿಗೆಯ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನಿದೆ ಎಂಬ ಧಿಮಾಕು. ಹೇಗೂ ಸೀರೆಯ ತುಂಡುಗಳು ಅವ್ವನವೇ ಅಲ್ಲವೆ ಎಂದು ಸಮಾಧಾನ ಮಾಡಿಕೊಂಡು, ಅವ್ವನ ಹೊಲಿಗೆಯನ್ನೆಲ್ಲ ಸಾಲುಸಾಲಾಗಿ ಬಿಚ್ಚತೊಡಗಿದಳು.

"ಏನ್ ಮಾಡ್ತಿದ್ದೀಯಮ್ಮಿ?" ಮಂಚದ ಮೇಲಿಂದ ಪುಟ್ಟಸಿದ್ದಮ್ಮ ತೊದಲುತ್ತ ಕೇಳಿದಳು.

"ದಾರ ತಗೀತಾ ಇವ್ನಿ ಕಣವ್ವ. ಮಿಷನ್ಗೆ ಅಣಿ ಮಾಡ್ಬೇಕಲ್ಲ."

"ಮಾಡು ಮಾಡು. ಫ್ಯಾಕ್ಟ್ರಿ ಕೆಲ್ಸದೋಳು, ನಿಂಗ್ ಗೊತ್ತಿರ್ತದೆ ಬುಡು."

ಮಾರನೆಯ ದಿನ ರಜೆ ಹಾಕಿ, ಚಾಮರಾಜನಗರದಲ್ಲಿ ಬಸ್ಸು ಹತ್ತಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಗುಂಡ್ಲುಪೇಟೆಗೆ ಹೋದಳು. ಸುಧಾಕರ್ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಬಗ್ಗಿ ನೋಡಿದ. ಅರ್ಧ ಭಾಗದ ತುಂಬ ಸೂಜಿಯ ಸಣ್ಣ ಸಣ್ಣ ತೂತು.

"ಇಲ್ಲಿ ಕೈಹೊಲಿಗೆ ಇತ್ತೇನಕ್ಕ?"

"ಇತ್ತು. ಎಲ್ಲಾ ಬಿಚ್ಚಿ ಕ್ಲೀನ್ ಮಾಡ್ಬುಟ್ಟೆ."

"ಅಯ್ಯೋ, ಯಾಕ್ ಬಿಚ್ಚಕೋದ್ರಿ? ಅದ ಅಂಗೇ ಬುಟ್ಟು ಮಿಕ್ಕಿದ್ದ ಹೊಲೀತಿದ್ದೆ. ತುದಿ ಗಂಟಾಕಿದ್ರೆ ಸಾಕಾಗಿತ್ತು."

ವನಿತಾ ಬಗ್ಗಿ ಆ ತೂತುಗಳ ಮೇಲೆ ಬೆರಳಾಡಿಸಿದಳು. ಮುತ್ತು ಒಡೆದರೆ ಹೋಯಿತು. ಅದೇ ತೂತುಗಳಲ್ಲಿ ಸೂಜಿ ಪೋಣಿಸಿದರೂ ಅದು ಅವ್ವನ ಹೊಲಿಗೆ ಆಗುವುದಿಲ್ಲ, ಅವ್ವನ ಕೈ ಇನ್ನು ಏಳುವುದೂ ಇಲ್ಲ. ಯಾರನ್ನು ಬೈಯುವುದು? ಗೋಡೆಗೆ ಒರಗಿ ನಿಂತಳು. ಮಿಷನ್ನು ಗಡಗಡನೆ ಹೊಲಿದು ಮುಗಿಸಿತು.

ಮನೆಗೆ ಬಂದರೆ ಬೃಂದಾ ಆಸ್ಪತ್ರೆಯಿಂದ ಕೂಸಿನೊಂದಿಗೆ ಬಂದು ಕೂತಿದ್ದಳು. ಪುಟ್ಟಸಿದ್ದಮ್ಮ ಎಡಗೈ ಚಾಚಿದಳು.

"ನಾನ್ ಹೊಲ್ದಿದ್ದ ಕಡೆ ಯಾವ್ದಮ್ಮಿ? ಕೂಸಿನ ತಲೆ ಆ ಕಡೀಕೆ ಬರ್ಲಿ."

ವನಿತಾ ಅವ್ವನ ಕೈ ಹಿಡಿದು ಒಂದು ಅಂಚಿನ ಮೇಲಿಟ್ಟಳು.

"ಇದೇ ಕಣವ್ವ."

ಮುದುಕಿಯ ಬೆರಳು ಹೊಲಿಗೆಯ ಗುಂಟ ಹೋಯಿತು, ವಾಪಸ್ಸು ಬಂತು, ಪಕ್ಕದ ಸಾಲನ್ನೂ ತಡವಿತು.

"ಇಷ್ಟ್ ನೆಟ್ಗೆ ನಾನ್ ಯಾವತ್ ಹೊಲ್ದಿದ್ದೆ," ಎಂದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಬೃಂದಾಳ ಕಡೆ ತಿರುಗಿ, "ಮಲಗ್ಸವ್ವ ಕೂಸ. ತಲೆ ಯಾವ್ ಕಡೀಕಾದ್ರೂ ಬರ್ಲಿ ಬುಡು," ಎಂದಳು.