ಚಪ್ಪಟೆ ತಳ, ಚೂಪು ತಳ

ಚಪ್ಪಟೆ ತಳದ ಹಳೆಯ ದೋಣಿ ಕೊಳೆತು ನೀರು ಕುಡಿಯತೊಡಗಿದಾಗಿನಿಂದ ಕ್ಷೌರಿಕನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ದಿನ ಬೆಳಗಾದರೆ ದೋಣಿ ಬಡಗಿಯ ಶೆಡ್ಡಿಗೆ ಓಡುತ್ತಿದ್ದ. ಅಲ್ಲಿ ಎರಡು ಹೊಸ ದೋಣಿಗಳು ಅಕ್ಕಪಕ್ಕದಲ್ಲಿ ಕವುಚಿ ಮಲಗಿದ್ದವು. ಒಂದರ ತಳ ಹಲಗೆಯಂತೆ ಚಪ್ಪಟೆ, ಇನ್ನೊಂದರದ್ದು ನೇಗಿಲಿನಂತೆ ಚೂಪು.

"ಮೊನ್ನೆ ಚೂಪು ಅಂದೆ, ನಿನ್ನೆ ಚಪ್ಪಟೆ ಅಂದೆ. ಇವತ್ತೇನು?" ಎಂದ ಬಡಗಿ, ಕೈಯಲ್ಲಿದ್ದ ಉಳಿಯನ್ನೂ ಕೆಳಗಿಡದೆ. "ಅಳಿಯನ್ನ ಆರಿಸೋರೂ ಇಷ್ಟು ಸಲ ಬರಲ್ಲ ಕಣಯ್ಯ!"

ಕ್ಷೌರಿಕನ ಕಷ್ಟ ಕ್ಷೌರಿಕನಿಗೆ. ನದಿ ಸಮುದ್ರ ಸೇರುವಲ್ಲಿದ್ದ ನಡುಗಡ್ಡೆಗಳಿಗೆ ಹೋಗಿ, ದಡವೆಲ್ಲ ಕೆಸರಾದ್ದರಿಂದ ಗಿರಾಕಿಗಳನ್ನು ದೋಣಿಯಲ್ಲೇ ಕೂರಿಸಿ ಗಡ್ಡ ಹೆರೆಯುವುದು ಅವನ ಕಸುಬು. ಹೆಂಗಸರ ಕೂದಲು ಹೆಂಡತಿಯ ಪಾಲು. ಚಪ್ಪಟೆ ದೋಣಿಯಾದರೆ ನಿಂತಲ್ಲಿ ಮಂಚದಂತೆ ನಿಲ್ಲುತ್ತದೆ, ಮೊಣಕಾಲುದ್ದ ನೀರಿನಲ್ಲೂ ದಡ ಮುಟ್ಟುತ್ತದೆ. ಆದರೆ ನದಿಬಾಯಿಯ ಅಲೆಗೆ ಸಿಕ್ಕರೆ ಧಪ್ ಧಪ್ ಎಂದು ಬಡಿಯುತ್ತದೆ. ಚೂಪು ತಳದ್ದು ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ನಿಂತರೆ ಮಾತ್ರ ಆಚೀಚೆ ವಾಲುತ್ತದೆ. ವಾಲುವ ದೋಣಿಯಲ್ಲಿ ಕತ್ತಿ ಹಿಡಿದರೆ ಗಿರಾಕಿಯ ಕಿವಿಗೇ ಸಂಚಕಾರ.

ಮನೆಯಲ್ಲೂ ಅದೇ ಧ್ಯಾನ. ನೀರಿನ ಬಾನಿಯಲ್ಲಿ ತಟ್ಟೆ ತೇಲಿಸುವುದು, ಬಟ್ಟಲು ತೇಲಿಸುವುದು.

"ಹಾಗೇ ತೊಳೆದೂ ಇಡಿ," ಎಂದಳು ಹೆಂಡತಿ.

"ನಿಂಗೆ ಯಾವುದಾದ್ರೆ ಸರಿ?"

"ಕತ್ತಿ ಹಿಡಿಯೋರು ನೀವು. ನನ್ನೇನು ಕೇಳ್ತೀರಿ?"

ಕೊನೆಗೆ ಬಡಗಿಯೇ ರೋಸಿಹೋಗಿ, "ಎರಡನ್ನೂ ಓಡಿಸಿ ನೋಡು, ನನ್ನ ತಲೆ ತಿನ್ನಬೇಡ," ಎಂದ.

ಮರುದಿನ ಬೆಳಿಗ್ಗೆ ಹಳೆಯ ದೋಣಿಯ ಮೋಟಾರು ಕಟ್ಟಿ ಚಪ್ಪಟೆ ದೋಣಿ ಇಳಿಸಿದರು. ಹೆಂಡತಿ ಎಂದಿನಂತೆ ಅಡ್ಡಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಬಿಗಿದು ಕೂತಳು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು ನೀರಿನ ಮೇಲೆ ಮೂಕಿ. ಮದುವೆಯಾದಾಗಿನಿಂದಲೂ ಹಾಗೆಯೇ; ಭಯವಿರಬೇಕೆಂದು ಅವನು ತಿಳಿದಿದ್ದ. ನದಿಬಾಯಿಯಿಂದ ವಾಪಸು ಬಂದು ದಡದ ಪಕ್ಕ ದೋಣಿ ನಿಲ್ಲಿಸಿ ಬಡಗಿಯ ಗಡ್ಡ ಹೆರೆದ. ಒಂದು ಗೀರೂ ಬೀಳಲಿಲ್ಲ. ಇದೇ ಸರಿ ಎಂದುಕೊಂಡ.

ಮಧ್ಯಾಹ್ನ ಚೂಪು ತಳದ್ದು. ನದಿಬಾಯಿಯಲ್ಲಿ ಅಲೆ ಜೋರಾಗಿಯೇ ಇತ್ತು. ಮುಂದೆ ಕೂತಿದ್ದ ಹೆಂಡತಿ ಇದ್ದಕ್ಕಿದ್ದಂತೆ ಅವನತ್ತ ತಿರುಗಿದಳು. "ನಿಮ್ಮ ತಂಗಿ ಆ ನೀಲಿ ಪರದೆ ತಗೊಂಡು ಹೋದವಳು, ಇವತ್ತಿಗೂ ವಾಪಸ್ ಕೊಟ್ಟಿಲ್ಲ ನೋಡಿ!" ಪರದೆಯಿಂದ ನಾದಿನಿಗೆ, ನಾದಿನಿಯಿಂದ ಅವಳತ್ತೆಯ ಗೊರಕೆಗೆ ಮಾತು ಹರಿಯಿತು. ಅವಳ ಕೈಗಳು ಮಡಿಲಲ್ಲಿ ಸುಮ್ಮನಿದ್ದವು.

ಅವನು ಮೋಟಾರು ತಗ್ಗಿಸಿದ. "ಏನೇ, ದೋಣೀಲಿ ಮಾತಾಡ್ತಿದೀಯ?"

"ಇದು ಬಡಿಯಲ್ವಲ್ಲ. ಅದ್ರಲ್ಲಿ ಬಾಯಿ ತೆಗೆದ್ರೆ ನಾಲಿಗೆ ಕಚ್ಕೋಬೇಕು. ಒಂದೊಂದು ಏಟೂ ಸೊಂಟಕ್ಕೇ ಬೀಳುತ್ತೆ."

"ಇಷ್ಟು ವರ್ಷ ಒಂದು ಮಾತು ಹೇಳ್ಬಾರ್ದಿತ್ತಾ?"

"ಇದ್ದಿದ್ದೇ ಒಂದು ದೋಣಿ. ಹೇಳಿ ಏನು ಮಾಡೋದು?"

ಅವನು ದೋಣಿಯನ್ನು ದಡದತ್ತ ತಿರುಗಿಸಿದ. ಎಷ್ಟು ಅಲೆ, ಎಷ್ಟು ಏಟು! ದಡಕ್ಕೆ ಬಂದವನೇ ಬಡಗಿಗೆ, "ಚೂಪೇ ಕೊಡು. ಇನ್ನು ಬದಲಾಯಿಸಿದ್ರೆ ಕೇಳು," ಎಂದ.

ಮೊದಲ ದಿನವೇ ದೋಣಿ ವಾಲಿ, ಕತ್ತಿ ಕಲ್ಲುಕ್ವಾರಿಯ ಮೇಸ್ತ್ರಿಯ ಕೆನ್ನೆ ಗೀರಿತು. "ಗಡ್ಡ ತೆಗಿ ಅಂದ್ರೆ ಚರ್ಮಾನೇ ಸುಲಿತೀಯಲ್ಲೋ!" ಎಂದು ಮೇಸ್ತ್ರಿ ಕೂಗಾಡಿದ. ಅಂದಿನಿಂದ ದೋಣಿಯನ್ನು ಆಳದಲ್ಲೇ ಕಟ್ಟಿ, ಗಿರಾಕಿಗಳ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಗಟ್ಟಿ ನೆಲದವರೆಗೆ ಕೆಸರು ತುಳಿಯುವುದು ಕ್ಷೌರಿಕನ ಪಾಡಾಯಿತು. ಅವನ ಹಿಂದೆಯೇ ಹೆಂಡತಿ, ಸೀರೆ ಎತ್ತಿ ಕಟ್ಟಿಕೊಂಡು, ಅರ್ಧಕ್ಕೆ ನಿಂತ ಮಾತನ್ನು ಮುಂದುವರಿಸುತ್ತ ಬರುತ್ತಿದ್ದಳು.

ಅವನು ಅರ್ಧ ಮಾತ್ರ ಕೇಳಿಸಿಕೊಳ್ಳುತ್ತಿದ್ದ. ಕೆಸರಿನ ಮೇಲೆ ಒಂದು ಕಾಲುಸೇತುವೆ ಹಾಕಿಸಿದರೆ? ಮರದ್ದೋ, ಕಬ್ಬಿಣದ್ದೋ?