ಗದ್ದದ ಮೇಲಿನ ಗೆರೆ

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಹನ್ನೆರಡು ವರ್ಷ ಗಿರಾಕಿಗಳ ಮುಖ ತೊಳೆದವಳು ಅವಳು. ಪಾಸ್‌ಪೋರ್ಟ್ ಅಳತೆಯ ಫೋಟೊಗಳಲ್ಲಿ ಮೊಡವೆ, ಕಲೆ, ಸುಕ್ಕು ಮಾಯ ಮಾಡುವುದೇ ಕೆಲಸ. ಎಲ್ಲರ ಬಾಯಲ್ಲೂ ಒರೆಸೋ ಅಕ್ಕ. ಅಕ್ಕನಿಗೆ ಒರೆಸಿ ಒರೆಸಿ ಸಾಕಾಗಿತ್ತು. ತಾನೇ ಫೋಟೊ ತೆಗೆಯುವವಳಾಗಬೇಕೆಂದು ಹಟ ಹಿಡಿದು ಕ್ಯಾಮೆರಾ ಕೊಂಡಳು, ಪತ್ರಿಕೆಯೊಂದಕ್ಕೆ ಅರ್ಜಿಯನ್ನೂ ಹಾಕಿದಳು.

ಅಲ್ಲಿನ ಫೋಟೊ ವಿಭಾಗದ ಮುಖ್ಯಸ್ಥರು ಅವಳ ಇಪ್ಪತ್ತು ಚಿತ್ರ ನೋಡಿ ಹಣೆ ಉಜ್ಜಿಕೊಂಡರು. "ಏನಮ್ಮಾ, ಈ ಊರಲ್ಲಿ ಜನ ಬದುಕೋದೇ ಇಲ್ವಾ? ಗೋಡೇಲಿ ಬಿರುಕಿಲ್ಲ, ಮುಖದಲ್ಲಿ ಬೆವರಿಲ್ಲ. ಇನ್ನೊಂದು ಕಳಿಸು, ನಿನ್ನದು ಅನ್ನಿಸಬೇಕು. ಸಂಜೆ ಐದರೊಳಗೆ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ತಗೋತೀನಿ."

ನನ್ನದು ಅಂದರೆ ಯಾವುದು? ಅವಳಿಗೆ ತಲೆಬುಡ ತಿಳಿಯಲಿಲ್ಲ. ದಾರಿಯಲ್ಲಿ ಹಣ್ಣಿನ ಗಾಡಿ ತೆಗೆದಳು, ಕೆಟ್ಟು ನಿಂತ ಬಸ್ಸು ತೆಗೆದಳು, ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕನ್ನೂ ಬಿಡಲಿಲ್ಲ. ಎಲ್ಲವೂ ಬೇರೆ ಯಾರದ್ದೋ ಅನ್ನಿಸಿತು. ಮನೆ ಮುಟ್ಟುವಷ್ಟರಲ್ಲಿ ದಿಕ್ಕೇ ತೋಚದಂತಾಗಿತ್ತು.

ಅಮ್ಮ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತುಟಿಯ ನಡುವೆ ಗುಂಡುಸೂಜಿ, ಮುಖದ ಮೇಲೆ ಓರೆ ಬಿಸಿಲು. ಮಗಳು ಯೋಚಿಸದೆ ಒಂದು ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದಳು. ಕೈ ತನ್ನ ಪಾಡಿಗೆ ಓಡಿತು. ಮುಗಿಸಿ ಅಮ್ಮನನ್ನು ಕರೆದಳು. ಅಮ್ಮ ಕತ್ತರಿ ಹಿಡಿದೇ ಎದ್ದು ಬಂದಳು.

"ಯಾರೇ ಇವಳು?"

"ನೀನೇ ಅಮ್ಮ."

"ನನ್ನ ಗದ್ದದ ಗಾಯ ಎಲ್ಲಿ?"

"ಒರೆಸಿಬಿಟ್ನೇನೋ... ನೀನು ಬಿದ್ದು ಆಗಿದ್ದಲ್ವಾ ಅದು?"

"ನಿಂಗೆ ಬೇಜಾರಾಗುತ್ತೆ ಅಂತ ಹಾಗೆ ಹೇಳಿದ್ದೆ. ಎರಡು ವರ್ಷದವಳಿದ್ದಾಗ ಇದೇ ಕತ್ತರಿ ಎಸೆದೆ ನೀನು. ರಕ್ತ ನೋಡಿ ನೀನು ಅಳೋಕೆ ಶುರು ಮಾಡ್ದೆ. ಹೆದರ್ಬೇಡ ಅಂತ ನಾನು ನಗ್ತಾ ಕೂತೆ. ಹೋಗ್ಲಿ ಬಿಡು, ಚೆನ್ನಾಗಿ ಕಾಣ್ಲಿ ಅಂತ ತಾನೇ ಒರೆಸಿದ್ದು."

ಅವಳು ಮೂಲ ಚಿತ್ರಕ್ಕಾಗಿ ತಡಕಾಡಿದಳು. ಸ್ಟುಡಿಯೋದ ರೂಢಿಯಂತೆ ತಿದ್ದಿದ್ದನ್ನು ಅದರ ಮೇಲೆಯೇ ಉಳಿಸಿ, ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿಯಾಗಿತ್ತು. ಐದಕ್ಕೆ ಕಾಲು ಗಂಟೆ ಉಳಿದಿತ್ತು.

"ಅಮ್ಮ, ಇನ್ನೊಂದ್ಸಲ ಕೂತ್ಕೋ."

ಅಮ್ಮ ಕೂತಳು. ಬಿಸಿಲು ಆಗಲೇ ಗೋಡೆಗೆ ಸರಿದಿತ್ತು. ಈಗ ಅಮ್ಮನ ಕೈ ತಾನಾಗಿ ಗದ್ದಕ್ಕೆ ಹೋಯಿತು. "ಇದನ್ನ ಮುಚ್ಕೊಳ್ಳಲಾ, ಹೀಗೇ ಇರ್ಲಾ?"

ಅವಳಿಗೆ ಕಣ್ಣು ಮಂಜಾಗಿ ಸರಿಯಾಗಿ ಕಾಣುತ್ತಿರಲಿಲ್ಲ. ಅಮ್ಮನ ಬೆರಳು ಅರ್ಧ ಇಳಿದಿದ್ದಾಗ ಗುಂಡಿ ಒತ್ತಿದಳು. ಚಿತ್ರ ಸ್ವಲ್ಪ ಅಲುಗಿತ್ತು. ತಿದ್ದಲು ಹೊರಟ ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಎಡಗೈಯಲ್ಲೇ ಕಳಿಸಿದಳು.

ಐದು ಹೊಡೆದ ಮೇಲೆ ಮುಖ್ಯಸ್ಥರ ಫೋನ್ ಬಂತು.

"ಯಾರಮ್ಮಾ ಇವರು?"

"ನಮ್ಮಮ್ಮ, ಸರ್."

"ಆ ಗಾಯ?"

"ನಾನೇ ಮಾಡಿದ್ದು."

"ಸೋಮವಾರದಿಂದ ಕೆಲಸಕ್ಕೆ ಬಾ."

ಚಿತ್ರ ಚೆನ್ನಾಗಿದೆಯೋ ಇಲ್ಲವೋ, ಅವರು ಹೇಳಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ.

"ಏನಂತೆ?" ಎಂದಳು ಅಮ್ಮ.

"ಕೆಲಸ ಸಿಕ್ತು."

"ಮತ್ಯಾಕೆ ಅಳ್ತೀಯೇ?" ಎನ್ನುತ್ತಾ ಅಮ್ಮ ನಗತೊಡಗಿದಳು.